ಇಬ್ನ್ ಖಲ್ದೂನನೂ ರಾಜ್ಯಗಳ ಆಯುಸ್ಸೂ

ರಾಜರ ವಂಶಾವಳಿಗಳನ್ನೂ ಯುದ್ಧಗಳ ಕಾಲವನ್ನೂ ಕ್ರಮವಾಗಿ ಬರೆದಿಟ್ಟರೆ ಇತಿಹಾಸವಾಯಿತೆಂದು ಜನರು ಬಹುಕಾಲ ಭಾವಿಸಿದ್ದರು. ರಾಜ್ಯಗಳು ಏತಕ್ಕೆ ಹುಟ್ಟುತ್ತವೆ, ಏತಕ್ಕೆ ಅಳಿಯುತ್ತವೆ ಎಂಬ ಪ್ರಶ್ನೆಯನ್ನೇ ಒಂದು ಶಾಸ್ತ್ರದ ವಿಷಯವನ್ನಾಗಿ ಮಾಡಿದವರಲ್ಲಿ ಉತ್ತರ ಆಫ್ರಿಕದ ಇಬ್ನ್ ಖಲ್ದೂನನು ಅಗ್ರಗಣ್ಯನು.

ಈತನು ಕ್ರಿ. ಶ. 1332ರಲ್ಲಿ ಟ್ಯೂನಿಸ್ ನಗರದಲ್ಲಿ ಜನಿಸಿದನು. ಪೂರ್ವಿಕರು ಸ್ಪೆಯಿನ್ ದೇಶದ ಸೆವಿಲ್ ಪಟ್ಟಣದ ಅರಬ್ ಗಣ್ಯರು. ಆ ಪಟ್ಟಣವು 1248ರಲ್ಲಿ ಕ್ರೈಸ್ತರ ವಶವಾಗುವುದಕ್ಕೆ ಮುಂಚೆಯೇ ಸಮುದ್ರವನ್ನು ದಾಟಿ ಬಂದಿದ್ದರು. 1348-49ರ ಮಹಾಮಾರಿಗೆ ಈತನ ತಂದೆತಾಯಿಗಳೂ ಗುರುಗಳಲ್ಲಿ ಅನೇಕರೂ ತುತ್ತಾದರು. ಮುಂದೆ ಟ್ಯೂನಿಸ್, ಫೆಜ್, ಗ್ರಾನಡಾ ಆಸ್ಥಾನಗಳಲ್ಲಿ ಸೇವೆ ಮಾಡಿದನು. ಫೆಜ್‌ನಲ್ಲಿ ಸುಮಾರು ಎರಡು ವರ್ಷ ಸೆರೆಯನ್ನೂ ಕಂಡನು. 1364ರಲ್ಲಿ ರಾಯಭಾರಿಯಾಗಿ ಸೆವಿಲ್ಲಿಗೆ ಹೋದಾಗ ಅಲ್ಲಿನ ದೊರೆ ಪೆದ್ರೋ ಪಿತ್ರಾರ್ಜಿತ ಭೂಮಿಯನ್ನು ಹಿಂದಿರುಗಿಸುವೆನೆಂದರೂ ಒಲ್ಲೆನೆಂದು ಮರಳಿದನು.

ಆಸ್ಥಾನಗಳ ಒಳಸಂಚುಗಳಿಂದ ಬೇಸತ್ತು 1375ರಲ್ಲಿ ಈಗಿನ ಅಲ್ಜೀರಿಯದ ಒಂದು ಒಂಟಿ ಕೋಟೆಯನ್ನು ಸೇರಿದನು. ಅಲ್ಲಿ 1377ರಲ್ಲಿ, ಐದೇ ತಿಂಗಳಲ್ಲಿ, ತನ್ನ ಲೋಕೇತಿಹಾಸಕ್ಕೆ ಪೀಠಿಕೆಯಾದ 'ಮುಖದ್ದಿಮಾ' ಗ್ರಂಥದ ಮೊದಲ ರೂಪವನ್ನು ಮುಗಿಸಿದನು.

ಈ ಗ್ರಂಥದ ಸಾರವು 'ಅಸಬಿಯ್ಯ' ಎಂಬ ಒಂದು ಮಾತಿನಲ್ಲಿ ಅಡಗಿದೆ. ಒಬ್ಬನಿಗಾಗಿ ಎಲ್ಲರೂ ಪ್ರಾಣವನ್ನೊಡ್ಡುವಂಥ ಕುಲದ ಒಗ್ಗಟ್ಟೇ ಅದರ ಅರ್ಥ. ಕಷ್ಟಸಹಿಷ್ಣುಗಳಾದ ಮರುಭೂಮಿಯ ಜನರಲ್ಲಿ ಅದು ಬಲವಾಗಿರುವುದರಿಂದ ಅವರು ನಗರಗಳನ್ನು ಗೆಲ್ಲುತ್ತಾರೆ. ನಗರದ ಭೋಗದಲ್ಲಿ ಅದು ಕರಗುತ್ತದೆ. ಆಗ ಮತ್ತೊಂದು ಕುಲವು ಬಂದು ಅವರನ್ನು ಗೆಲ್ಲುತ್ತದೆ. ಒಂದು ತಲೆಮಾರಿಗೆ ನಲವತ್ತರಂತೆ ಮೂರು ತಲೆಮಾರುಗಳು, ಎಂದರೆ ಸುಮಾರು 120 ವರ್ಷಗಳು, ಸಾಮಾನ್ಯವಾಗಿ ರಾಜವಂಶದ ಆಯುಸ್ಸೆಂದು ಅವನು ಎಣಿಸಿದನು. ರಾಜ್ಯದ ಆದಿಯಲ್ಲಿ ಅಲ್ಪವಾದ ತೆರಿಗೆಯಿಂದ ಹೇರಳವಾದ ಹುಟ್ಟುವಳಿಯೂ, ಅಂತ್ಯದಲ್ಲಿ ಭಾರವಾದ ತೆರಿಗೆಯಿಂದ ಅಲ್ಪವಾದ ಹುಟ್ಟುವಳಿಯೂ ಬರುವುದೆಂದು ತೋರಿಸಿದನು. ಮೋಸಸನ ಸೈನ್ಯದಲ್ಲಿ ಆರು ಲಕ್ಷ ಯೋಧರಿದ್ದರೆಂಬ ಹಳೆಯ ಮಾತನ್ನು, ಅಷ್ಟು ಜನರು ಒಂದು ರಣರಂಗದಲ್ಲಿ ವ್ಯೂಹಗಟ್ಟಿ ನಿಲ್ಲುವುದು ಹೇಗೆಂದು ಕೇಳಿ ತಳ್ಳಿಹಾಕಿದನು. ವರದಿಯನ್ನು ಲೋಕಸ್ವಭಾವದಿಂದ ಪರೀಕ್ಷಿಸಬೇಕೆಂಬುದೇ ಅವನ ಮುಖ್ಯೋಪದೇಶ.

1382ರಲ್ಲಿ ಈಜಿಪ್ತಿಗೆ ಹೋಗಿ 1384ರಲ್ಲಿ ಕೈರೋವಿನ ಮಾಲಿಕೀ ಪಂಥದ ಮುಖ್ಯ ಖಾಜಿಯಾದನು. ಆ ಕಾಲದಲ್ಲಿಯೇ ಅವನ ಹೆಂಡತಿ ಮಕ್ಕಳಿದ್ದ ಹಡಗು ಮುಳುಗಿತು. 1401ರಲ್ಲಿ ತೈಮೂರನು ದಮಾಸ್ಕಸ್ಸನ್ನು ಮುತ್ತಿದಾಗ, ಅರವತ್ತೆಂಟು ವರ್ಷದ ಈ ಮುದುಕನು ಕೋಟೆಯ ಗೋಡೆಯಿಂದ ಹಗ್ಗದ ಮೂಲಕ ಇಳಿದು ಅವನ ಬಿಡಾರಕ್ಕೆ ಹೋದನು. ಒಗ್ಗಟ್ಟಿನ ಬಲದಿಂದಲೇ ಸಾಮ್ರಾಜ್ಯವು ಏಳುವುದೆಂಬ ತನ್ನ ಸಿದ್ಧಾಂತವನ್ನೇ ಸ್ತುತಿಯಾಗಿ ಮಾಡಿ ವಿಜಯಿಗೆ ಒಪ್ಪಿಸಿದನು. ಅವನಿಗಾಗಿ ವಾಯವ್ಯ ಆಫ್ರಿಕದ ದೇಶಗಳ ವರ್ಣನೆಯನ್ನೂ ಬರೆದುಕೊಟ್ಟನು. ತನಗೂ ತನ್ನ ಜೊತೆಯವರಿಗೂ ಅಭಯವು ದೊರೆಯಿತು. ನಗರವು ಮಾತ್ರ ಸೂರೆಹೋಗಿ ಉರಿಯಿತು. ರಾಜ್ಯಗಳ ರೋಗವನ್ನು ಬಲ್ಲವನಿಗೂ ಅದಕ್ಕೆ ಮದ್ದು ತಿಳಿದಿರಲಿಲ್ಲ. ಅವನನ್ನು ನಿಂದಿಸುವ ಮುನ್ನ, ಆ ಹಗ್ಗವನ್ನು ಹಿಡಿದ ಕೈಗಳ ನಡುಕವನ್ನು ನಾವು ನೆನೆಯಬೇಕು.

ತೈಮೂರನು 1405ರಲ್ಲಿಯೂ ಇತಿಹಾಸಕಾರನು 1406ರಲ್ಲಿಯೂ ತೀರಿಕೊಂಡರು. 1370ರಲ್ಲಿ ಸ್ಥಾಪಿತವಾದ ತೈಮೂರನ ರಾಜ್ಯವು ಒಡೆದು ಕುಗ್ಗುತ್ತ, 1507ರಲ್ಲಿ ಹೆರಾತ್ ಉಜ್ಬೇಕರ ಪಾಲಾಗುವುದರೊಡನೆ ಮಧ್ಯ ಏಷ್ಯದಲ್ಲಿ ಮುಗಿಯಿತು. ಲೆಕ್ಕವು ಬಹುಮಟ್ಟಿಗೆ ಸರಿಹೋಯಿತು. ಆದರೆ ಆರು ಶತಮಾನ ಬಾಳಿ 1922ರಲ್ಲಿ ಅಳಿದ ಉಸ್ಮಾನಿ ಸುಲ್ತಾನರ ರಾಜ್ಯವು ಆ ಲೆಕ್ಕವನ್ನು ಮೀರಿತು. ಹದಿನೇಳನೆಯ ಶತಮಾನದಲ್ಲಿ ಅಲ್ಲಿಯ ವಿದ್ವಾಂಸರಾದ ಕಾತಿಬ್ ಚೆಲೆಬಿ, ನೈಮಾ ಮೊದಲಾದವರು ತಮ್ಮ ರಾಜ್ಯದ ಕುಂದುಗಳನ್ನು ಅರಿಯಲು ಈತನ ವಿಚಾರಗಳನ್ನೇ ಆಶ್ರಯಿಸಿದರೆಂಬುದು ಗಮನಾರ್ಹವಾಗಿದೆ. ವರ್ಷಗಳ ಎಣಿಕೆ ತಪ್ಪಬಹುದು. ಕಾರಣವನ್ನು ಕೇಳುವ ಆ ದೃಷ್ಟಿ ಹಳತಾಗುವುದಿಲ್ಲ.