ಒತ್ತಡವನ್ನೇ ಸಾಮರ್ಥ್ಯವೆಂದು ಓದಿದ್ದು: 1984ರ ಎರಡು ಎಕೋ ಲೇಖನಗಳು

1984ರಲ್ಲಿ ಯಾಕ್ ಮತ್ತು ಪಾಪ್ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಹೃದಯದೊಳಕ್ಕೆ ಕ್ಯಾತಿಟರ್ ನಳಿಕೆ ತೂರಿಸದೆಯೇ ಬಲ ಹೃದಯದ ಸ್ಥಿತಿ ತಿಳಿಯುವಂತಾಯಿತು ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಲೇಖನ ದೊಡ್ಡದೇ. ಆದರೆ ಈ ತೀರ್ಮಾನ ಅದರ ಮೇಲೆ ಹೊರಿಸಿದ್ದೇ ಹೊರತು ಅದರಲ್ಲಿ ಇರುವುದಲ್ಲ.

ಅಲ್ಲಿರುವುದಿಷ್ಟು. ಬಲಭಾಗದ ಒತ್ತಡ ಏರಿದ ಲಕ್ಷಣಗಳಿದ್ದ 62 ರೋಗಿಗಳ ಪೈಕಿ 54 ಮಂದಿಯಲ್ಲಿ ಟ್ರೈಕಸ್ಪಿಡ್ ಕವಾಟದಿಂದ ಹಿಂದಕ್ಕೆ ಚಿಮ್ಮುವ ರಕ್ತದ ವೇಗ ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆಯ ಡಾಪ್ಲರ್‌ನಲ್ಲಿ ಸ್ಪಷ್ಟವಾಗಿ ದಾಖಲಾಯಿತು. ಗರಿಷ್ಠ ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಬಲ ಹೃತ್ಕುಕ್ಷಿಗೂ ಹೃತ್ಕರ್ಣಕ್ಕೂ ಇರುವ ಒತ್ತಡದ ಅಂತರ ಸಿಗುತ್ತದೆ. ಅದಕ್ಕೆ ಹೃತ್ಕರ್ಣದ ಒತ್ತಡ ಕೂಡಿಸಬೇಕು. ಅದನ್ನು ಅವರು ಅಂದಾಜಿಸಿದ್ದು ಕತ್ತಿನ ರಕ್ತನಾಳಗಳ ಉಬ್ಬು ನೋಡಿ! ಹೀಗೆ ಬಂದ ಅಂಕಿಗೂ ಕ್ಯಾತಿಟರ್ ಅಳತೆಗೂ ಸಹಸಂಬಂಧ 0.93.

ಎಲ್ಲರ ಕಣ್ಣು ನೆಟ್ಟಿದ್ದು ಈ 0.93ರ ಮೇಲೆ. ಎರಡು ಅಳತೆಗಳು ಒಟ್ಟಿಗೆ ಏರಿಳಿಯುತ್ತವೆ ಎಂದಷ್ಟೇ ಅದು ಹೇಳುತ್ತದೆ, ಅವು ಒಂದೇ ಎನ್ನುವುದಿಲ್ಲ. ಎಕೋ ಅಂಕಿಗಳನ್ನೆಲ್ಲ ಇಮ್ಮಡಿಗೊಳಿಸಿದರೂ 0.93 ಹಾಗೆಯೇ ಉಳಿಯುತ್ತದೆ. ಸಂಖ್ಯಾಶಾಸ್ತ್ರಜ್ಞರಾದ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ 1986ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. (ಯಾಕ್ ಮತ್ತು ಪಾಪ್ ತಮ್ಮ ಅಂದಾಜಿನ ಪ್ರಮಾಣಿತ ದೋಷ 8 ಮಿ.ಮೀ. ಪಾದರಸ ಎಂದು ಪ್ರಾಮಾಣಿಕವಾಗಿ ನಮೂದಿಸಿದ್ದಾರೆ. ಅದನ್ನು ಬಿಟ್ಟು ಉದ್ಧರಿಸಿದವರದು ತಪ್ಪು.) 2009ರಲ್ಲಿ ಫಿಶರ್ ಮತ್ತು ಸಂಗಡಿಗರು 65 ರೋಗಿಗಳಲ್ಲಿ ಎಕೋ, ಕ್ಯಾತಿಟರ್ ಎರಡನ್ನೂ ಒಂದು ಗಂಟೆಯೊಳಗೆ ಮಾಡಿ ನೋಡಿದಾಗ, ಶೇಕಡಾ 48 ಪ್ರಕರಣಗಳಲ್ಲಿ ಅಂದಾಜು 10 ಮಿ.ಮೀ.ಗಿಂತ ಹೆಚ್ಚು ತಪ್ಪಿತ್ತು. ಚಿಮ್ಮು ಸರಿಯಾಗಿ ಸಿಗದಿದ್ದರೆ ವಿಧಾನವನ್ನು ದೂರಬಾರದು ಎನ್ನುವವರಿದ್ದಾರೆ. ಒಪ್ಪಲಾರೆ. ಚಿಮ್ಮನ್ನು ಹಿಡಿಯುವುದೇ ಇಲ್ಲಿ ವಿಧಾನ. ಸೆಕೆಂಡಿಗೆ 4 ಮೀಟರ್ ವೇಗವನ್ನು ಪ್ರೋಬಿನ ಓರೆಯಿಂದ 3.6 ಎಂದು ಓದಿದರೆ ಅಂತರ 64ರಿಂದ 52ಕ್ಕೆ ಇಳಿಯುತ್ತದೆ. ವರ್ಗ ಮಾಡುವಾಗ ತಪ್ಪೂ ಬೆಳೆಯುತ್ತದೆ.

ಇದಕ್ಕಿಂತ ದೊಡ್ಡ ಎಡವಟ್ಟು, ಒತ್ತಡವನ್ನೇ ಹೃದಯದ ಸಾಮರ್ಥ್ಯವೆಂದು ಓದಿದ್ದು. ಸೋತ ಹೃತ್ಕುಕ್ಷಿ ಒತ್ತಡ ಹುಟ್ಟಿಸಲಾರದು. ರೋಗ ಬಿಗಡಾಯಿಸುತ್ತಿರುವಾಗಲೇ ಅಂಕಿ ಇಳಿದು ಸುಧಾರಣೆಯಂತೆ ಕಂಡೀತು. ಸಾಮರ್ಥ್ಯದ ಪ್ರಶ್ನೆಯನ್ನು ನೇರವಾಗಿ ಕೇಳಿದ್ದು ಅದೇ 1984ರಲ್ಲಿ ‘ಅಮೆರಿಕನ್ ಹಾರ್ಟ್ ಜರ್ನಲ್’ನಲ್ಲಿ ಬಂದ ಸಂಜೀವ್ ಕೌಲ್ ಮತ್ತು ಸಂಗಡಿಗರ ಲೇಖನ. ಸಂಕೋಚನದಲ್ಲಿ ಟ್ರೈಕಸ್ಪಿಡ್ ಕವಾಟದ ಉಂಗುರ ಹೃದಯದ ತುದಿಯತ್ತ ಎಷ್ಟು ಸರಿಯುತ್ತದೆಂದು ಅಳೆದು, ಅದನ್ನು ಐಸೊಟೋಪ್ ಪರೀಕ್ಷೆಯಲ್ಲಿ ಸಿಕ್ಕ, ಪ್ರತಿ ಬಡಿತಕ್ಕೆ ಹೃತ್ಕುಕ್ಷಿ ಹೊರದಬ್ಬುವ ರಕ್ತದ ಪಾಲಾದ ಎಜೆಕ್ಷನ್ ಫ್ರ್ಯಾಕ್ಷನ್‌ಗೆ ಅವರು ಹೋಲಿಸಿದರು. ಉಂಗುರ ಸರಿಯುವ ಈ ಅಳತೆಗೇ ಇಂದು ಟ್ಯಾಪ್ಸಿ ಎಂಬ ಹೆಸರು. ಶ್ವಾಸಕೋಶದ ಅಧಿಕ ರಕ್ತದೊತ್ತಡದಲ್ಲಿ ಅದರ ಬೆಲೆ ಎದ್ದು ಕಂಡಿದ್ದು 2006ರಲ್ಲಿ. ಫೋರ್ಫಿಯಾ ಮತ್ತು ಸಂಗಡಿಗರು 63 ರೋಗಿಗಳನ್ನು ಅನುಸರಿಸಿದಾಗ, ಟ್ಯಾಪ್ಸಿ 1.8 ಸೆಂ.ಮೀ. ಅಥವಾ ಹೆಚ್ಚಿದ್ದವರಲ್ಲಿ ಎರಡು ವರ್ಷದ ಉಳಿವಿನ ಅಂದಾಜು ಶೇಕಡಾ 88, ಕಡಿಮೆ ಇದ್ದವರಲ್ಲಿ 50. ಟ್ಯಾಪ್ಸಿಗೂ ಮಿತಿಯುಂಟು: ಅದು ಉದ್ದದ ಚಲನೆಯನ್ನಷ್ಟೇ ಕಾಣುತ್ತದೆ, ತೆರೆದ ಹೃದಯ ಶಸ್ತ್ರಚಿಕಿತ್ಸೆಯ ನಂತರ ನಂಬಿಕೆಗೆ ಅರ್ಹವಲ್ಲ.

2022ರ ಯುರೋಪಿನ ಮಾರ್ಗಸೂಚಿ ಟ್ಯಾಪ್ಸಿಯನ್ನು ಅಂದಾಜು ಸಂಕೋಚನ ಒತ್ತಡದಿಂದ ಭಾಗಿಸಿ, 0.55ಕ್ಕಿಂತ ಕಡಿಮೆಯಿದ್ದರೆ ಅದನ್ನು ಶ್ವಾಸಕೋಶದ ಅಧಿಕ ರಕ್ತದೊತ್ತಡದ ಸುಳಿವುಗಳಲ್ಲಿ ಒಂದಾಗಿ ಎಣಿಸುತ್ತದೆ. ಒತ್ತಡ 60 ಇರುವ ಇಬ್ಬರಲ್ಲಿ ಒಬ್ಬರ ಉಂಗುರ 21 ಮಿ.ಮೀ., ಇನ್ನೊಬ್ಬರದು 12 ಮಿ.ಮೀ. ಸರಿದರೆ ಅನುಪಾತ 0.35 ಮತ್ತು 0.20. ಒತ್ತಡ ಮರೆಮಾಡಿದ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಆದರೂ ಛೇದದಲ್ಲಿ ಕೂತಿರುವುದು 1984ರ ಅದೇ ಅಂದಾಜು, ತನ್ನ ದೋಷಗಳ ಸಮೇತ.