ಶ್ರೀಶೈಲದ ಕಾಲುದಾರಿಯೂ ಸಹಯಾತ್ರಿಕರ ದಾಸೋಹವೂ

ಶ್ರೀಗಿರಿಯ ಮಲ್ಲಿಕಾರ್ಜುನನ ದರ್ಶನಾರ್ಥವಾಗಿ ಕನ್ನಡನಾಡಿನ ಭಕ್ತರು ಕಾಲ್ನಡಿಗೆಯಿಂದ ಪಯಣಮಾಡುವ ಪದ್ಧತಿಯು ಬಹು ಪುರಾತನವಾದುದು. ಅರಸುಮನೆತನಗಳು ಎಷ್ಟೋ ಅಳಿದುಹೋದುವು. ಫಾಲ್ಗುಣಮಾಸದಲ್ಲಿ ಮಲ್ಲಯ್ಯನ ಕಂಬಿಯನ್ನು ಹೆಗಲಿಗೇರಿಸಿ ಹೊರಡುವ ಜನದ ಸಾಲು ಮಾತ್ರ ಇನ್ನೂ ಕಡಿದಿಲ್ಲ. ಈ ಯಾತ್ರೆಯನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಕ್ಷೇತ್ರಮಹಿಮೆಯನ್ನು ವರ್ಣಿಸಿರುವರು. ಅಲ್ಲಿಗೆ ಹೋಗುವ ದಾರಿಯ ಚರಿತ್ರೆಯನ್ನೂ, ಆ ದಾರಿಯಲ್ಲಿ ಒಬ್ಬರ ಕಷ್ಟಕ್ಕೆ ಮತ್ತೊಬ್ಬರು ಒದಗಿದ ಬಗೆಯನ್ನೂ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿಯೇ ಏಳುವುದು. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿದವನು ದೂರದ ಸ್ಥಾವರಲಿಂಗವನ್ನು ಅರಸಿಕೊಂಡು ಹೋಗುವುದೇಕೆ? ತೀರ್ಥಕ್ಷೇತ್ರಗಳ ಸುತ್ತಾಟವನ್ನು ಶಿವಶರಣರು ಹಳಿದಿಲ್ಲವೇ? ಈ ಪ್ರಶ್ನೆಯನ್ನು ಮರೆಮಾಚುವುದು ತರವಲ್ಲ. ಆದರೆ ಅದಕ್ಕೆ ಉತ್ತರವು ನಮ್ಮ ಪುರಾತನರ ಚರಿತ್ರೆಯಲ್ಲಿಯೇ ದೊರೆಯುವುದು.

ಸೊನ್ನಲಿಗೆಯ ಸಿದ್ಧರಾಮನ ಬಾಲ್ಯವನ್ನು ರಾಘವಾಂಕನು ಸಿದ್ಧರಾಮಚಾರಿತ್ರದಲ್ಲಿ ವಿಸ್ತಾರವಾಗಿ ಹೇಳಿರುವನು. ಹೊಲದಲ್ಲಿದ್ದ ಬಾಲಕನ ಬಳಿಗೆ ಮಲ್ಲಯ್ಯನು ಜಂಗಮರೂಪದಿಂದ ಬಂದು ಹಸಿವೆಂದು ಉಣಿಸನ್ನು ಬೇಡಿದನು. ಬಾಲಕನು ಮನೆಗೋಡಿ ಅದನ್ನು ತರುವಷ್ಟರಲ್ಲಿ ಆ ಜಂಗಮನು ಕಾಣದಾದನು. ಮಲ್ಲಯ್ಯಾ ಎಂದು ಅಳುತ್ತ ಅಲೆಯುತ್ತಿದ್ದ ಈ ಕೂಸನ್ನು ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರು ಕಂಡು, ಸಂತೈಸಿ, ತಮ್ಮೊಡನೆ ಕರೆದುಕೊಂಡು ನಡೆದರು. ಮುಂದೆ ಕಮರಿಗೆ ಹಾರಲು ಸಿದ್ಧನಾದ ಬಾಲಕನನ್ನು ಮಲ್ಲಿಕಾರ್ಜುನನೇ ಕೈಹಿಡಿದು ಉಳಿಸಿದನೆಂಬುದು ಸರ್ವವಿದಿತವಾದ ಕಥೆ. ಆದರೆ ದೇವರು ಕೈಹಿಡಿಯುವುದಕ್ಕಿಂತ ಮೊದಲು ದಾರಿಯ ಜನರು ಆ ಕೈಯನ್ನು ಹಿಡಿದಿದ್ದರೆಂಬುದನ್ನು ವಾಚಕರು ಮನಗಾಣಬೇಕು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ; ಅವರಿಲ್ಲದಿದ್ದರೆ ಆ ಕೂಸು ಬೆಟ್ಟವನ್ನು ಮುಟ್ಟುತ್ತಲೂ ಇರಲಿಲ್ಲ.

ಊರಿಗೆ ಹಿಂದಿರುಗಿದ ಸಿದ್ಧರಾಮನು ಕೆರೆಯನ್ನು ಕಟ್ಟಿಸಿದನು. ಪ್ರಭುದೇವರು ಸೊನ್ನಲಿಗೆಗೆ ಬಂದು, ಲೋಕೋಪಕಾರದಲ್ಲಿಯೂ ‘ನಾನು ಮಾಡಿದೆ’ ಎಂಬ ಭಾವವು ಅಂಟಿಕೊಳ್ಳುವುದನ್ನು ಆತನಿಗೆ ತೋರಿಸಿಕೊಟ್ಟ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವು ಇದೇ ಆಗಿದೆ. ದಾನದಲ್ಲಿ ಕೊಡುವವನು ಮೇಲೆ ನಿಲ್ಲುವನು. ದಾಸೋಹದಲ್ಲಿ ಕೊಡುವವನೇ ದಾಸನು. ದಣಿದು ಬಂದ ಪಾದಚಾರಿಯಲ್ಲಿ ಜಂಗಮವನ್ನು ಕಾಣುವವರೆಗೆ ಯಾತ್ರೆಯು ಬರಿಯ ಸುತ್ತಾಟವೇ ಸರಿ. ಹಾಗೆ ಕಂಡಬಳಿಕ ಶರಣರು ಹಳಿದ ದೋಷವು ಅದಕ್ಕೆ ತಟ್ಟಲಾರದು.

ಇನ್ನು ದಾರಿಯ ಸ್ವರೂಪವನ್ನು ನೋಡೋಣ. ಶ್ರೀಶೈಲವು ಆಂಧ್ರದೇಶದ ನಲ್ಲಮಲೆಯ ದಟ್ಟಡವಿಯಲ್ಲಿ, ಕೃಷ್ಣಾನದಿಯ ಬಲದಂಡೆಯ ಮೇಲಿರುವುದು. ವಿಜಯಪುರ, ಬಾಗಿಲಕೋಟೆ, ಬೆಳಗಾವಿ ಪ್ರಾಂತಗಳಿಂದ ಅಲ್ಲಿಗೆ ಸುಮಾರು ೪೦೦ ಕಿಲೋಮೀಟರು, ಕೆಲವು ಊರುಗಳಿಂದ ಅದಕ್ಕೂ ಅಧಿಕವಾಗುವುದು. ರಾಯಚೂರು ಸೀಮೆಯ ಬಯಲನ್ನು ದಾಟಿ, ಕರ್ನೂಲು, ಆತ್ಮಕೂರುಗಳ ಮೇಲೆ ಹಾಯ್ದು, ವೆಂಕಟಾಪುರದ ಬಳಿ ಅಡವಿಯನ್ನು ಹೊಕ್ಕರೆ, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು ಎಂಬ ತಾಣಗಳನ್ನು ಕಳೆದು ಕೈಲಾಸದ್ವಾರವನ್ನು ಸೇರಬೇಕು. ಭೀಮುನಿಕೊಲನಿನ ಕಣಿವೆಯ ಇಳಿತವೂ, ಅದರಾಚೆಯ ಏರೂ ಬಲವಂತರನ್ನೂ ದಣಿಸುವಂಥವು.

ಈ ದಾರಿಯನ್ನು ಸುಗಮಗೊಳಿಸಿದ ಅರಸರ ಹೆಸರುಗಳು ಚರಿತ್ರೆಯಲ್ಲಿ ಉಳಿದಿವೆ. ಹದಿನಾಲ್ಕನೆಯ ಶತಮಾನದ ಪೂರ್ವಾರ್ಧದಲ್ಲಿ ರೆಡ್ಡಿ ವಂಶದ ಪ್ರೋಲಯ ವೇಮನು ಶ್ರೀಶೈಲಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದನು. ಅದೇ ಮನೆತನದ ಅನವೇಮನು ೧೩೭೭ರಲ್ಲಿ ವೀರಶಿರೋಮಂಟಪವನ್ನು ನಿರ್ಮಿಸಿದನು. ಆ ಶತಮಾನದ ಅಂತ್ಯದ ವೇಳೆಗೆ ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠ್ಠಲಾಂಬೆಯು ಪಾತಾಳಗಂಗೆಗೆ ಸೋಪಾನಗಳನ್ನು ಮಾಡಿಸಿದಳು. ನದಿಗಿಳಿದು ಮಿಂದು ಮತ್ತೆ ಏರಿಬರುವ ಮುದುಕರ ಮೊಳಕಾಲುಗಳಿಗೆ ಆ ಕಲ್ಲುಗಳಿಂದಾದ ಉಪಕಾರವು ಅಳೆಯಲಾಗದು.

ಆದರೆ ಕಲ್ಲಿನ ಮೆಟ್ಟಿಲು ಬೆಟ್ಟದ ಮೇಲೆ ಮಾತ್ರ ಉಂಟು. ಉಳಿದ ದಾರಿಯಲ್ಲಿ ಜನಕ್ಕೆ ಜನವೇ ಮೆಟ್ಟಿಲು. ಉತ್ತರ ಕರ್ನಾಟಕದ ಭಕ್ತರು ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದೂ, ಮಲ್ಲಯ್ಯನನ್ನು ಅಳಿಯನೆಂದೂ ಭಾವಿಸಿ, ಯುಗಾದಿಗೆ ಮಗಳಿಗೆ ಸೀರೆ, ಕುಪ್ಪಸ, ಅರಿಸಿನ ಕುಂಕುಮಗಳನ್ನು ಒಯ್ಯುವರು. ತವರಿನ ಉಡುಗೊರೆಯನ್ನು ಒಯ್ಯುವವನು ನಡುದಾರಿಯಲ್ಲಿ ಬೀಳಬಾರದೆಂಬ ಅಕ್ಕರೆಯಿಂದ ಊರೂರಿನವರು ಹಾದಿಯ ಬದಿಯಲ್ಲಿ ಚಪ್ಪರ ಹಾಕಿ, ನೀರು, ಮಜ್ಜಿಗೆ, ರೊಟ್ಟಿ, ಅನ್ನ ಸಾರುಗಳನ್ನು ಸಿದ್ಧಪಡಿಸುವರು. ಗಡಿ ದಾಟಿದ ಮೇಲೆಯೂ ಕನ್ನಡ ತೆಲುಗು ಎಂಬ ಭೇದವಿಲ್ಲದೆ ಈ ಉಪಚಾರವು ನಡೆಯುವುದು.

ಯಾತ್ರೆಯ ಕಷ್ಟಗಳಲ್ಲಿ ಮೊದಲನೆಯದು ಬಿಸಿಲು. ಆದುದರಿಂದ ಬಲ್ಲವರು ಬೆಳಗಿನ ಜಾವದಲ್ಲಿಯೂ ಇಳಿಹೊತ್ತಿನಲ್ಲಿಯೂ ನಡೆದು, ನಡುಹಗಲಿನಲ್ಲಿ ನೆರಳನ್ನು ಸೇರುವರು. ಎರಡನೆಯದು ಪಾದದ ಬೊಬ್ಬೆ. ಅದನ್ನು ಅಲಕ್ಷಿಸಿದವನು ಮೂರನೆಯ ದಿನಕ್ಕೆ ಕುಂಟುವನು. ಬಿಡಾರಗಳಲ್ಲಿ ಅಪರಿಚಿತರ ಕಾಲುಗಳನ್ನು ಬಿಸಿನೀರಿನಿಂದ ತೊಳೆದು, ಎಣ್ಣೆ ತಿಕ್ಕಿ, ಗಾಯಕ್ಕೆ ಪಟ್ಟಿ ಕಟ್ಟುವವರು ಉಂಟು. ಪಾದಪೂಜೆಯ ಅರ್ಥವು ಅಲ್ಲಿ ಪ್ರತ್ಯಕ್ಷವಾಗುವುದು. ಮೂರನೆಯದು ಮನಸ್ಸಿನ ಕುಗ್ಗು. ‘ಇನ್ನು ನನ್ನಿಂದಾಗದು’ ಎಂದು ಕುಳಿತವನ ಗಂಟನ್ನು ಒಬ್ಬನು ತಾನೆತ್ತಿಕೊಂಡು, ಮತ್ತೊಬ್ಬನು ಮಲ್ಲಯ್ಯನ ಹಾಡನ್ನೆತ್ತಿ, ಅವನ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ತಗ್ಗಿಸಿ ನಡೆಸಿಕೊಂಡು ಹೋಗುವರು. ಮರಗಾಲು ಕಟ್ಟಿಕೊಂಡು ನಡೆಯುವ ಹರಕೆಯ ತರುಣನ ಪಕ್ಕದಲ್ಲಿಯೂ ಕೈಯಾಸರೆಗೆ ಗೆಳೆಯನೊಬ್ಬನು ಬೇಕು. ಮುಂದೆ ಹೋದವನ ವೇಗಕ್ಕಿಂತ ಹಿಂದುಳಿದವನ ಯೋಗಕ್ಷೇಮವೇ ಒಂದು ತಂಡದ ಯೋಗ್ಯತೆಯನ್ನು ತಿಳಿಸುವುದು.

೧೯೬೩ರಲ್ಲಿ ಶ್ರೀಶೈಲದ ಅಣೆಕಟ್ಟಿಗೆ ಅಸ್ತಿಭಾರವಾಯಿತು. ಈಗ ಮೋಟಾರು ಬಸ್ಸು ದೇವಾಲಯದ ಸಮೀಪಕ್ಕೇ ಹೋಗುವುದು. ಆದಾಗ್ಯೂ ನಡೆಯುವವರು ನಿಂತಿಲ್ಲ. ಈ ಪದ್ಧತಿಗೆ ಪರೀಕ್ಷೆಗಳೂ ಒದಗಿದುವು. ೨೦೨೦ರಲ್ಲಿ ಸಾಂಕ್ರಾಮಿಕ ಜಾಡ್ಯದ ದೆಸೆಯಿಂದ ಯುಗಾದಿಯ ದಿನವೇ ದೇಶವೆಲ್ಲ ಬಾಗಿಲು ಮುಚ್ಚಿತು. ೨೦೨೨ರ ಮಾರ್ಚ್ ಅಂತ್ಯದಲ್ಲಿ ಕ್ಷೇತ್ರದಲ್ಲಿಯೇ ಯಾತ್ರಿಕರಿಗೂ ಸ್ಥಳದ ವ್ಯಾಪಾರಿಗಳಿಗೂ ಜಗಳವೆದ್ದು, ಯಾತ್ರಿಕನೊಬ್ಬನು ಗಾಯಗೊಂಡನು. ಅಂಗಡಿಗಳೂ ವಾಹನಗಳೂ ಹಾಳಾದುವು. ನೂರಾರು ಕಿಲೋಮೀಟರು ತೋರಿದ ತಾಳ್ಮೆಯನ್ನು ಕಡೆಯ ಹೆಜ್ಜೆಯಲ್ಲಿ ಕಳೆದುಕೊಂಡರೆ ಯಾತ್ರೆಯ ಫಲವೇನುಳಿಯಿತು? ನೀರು ಕೊಟ್ಟವನ ನಾಡಿನಲ್ಲಿ ನಾವು ಅತಿಥಿಗಳೆಂಬುದನ್ನು ಹಿರಿಯರು ಕಿರಿಯರಿಗೆ ಹೊರಡುವ ಮುನ್ನವೇ ತಿಳಿಹೇಳುವುದು ಕರ್ತವ್ಯವಾಗಿದೆ. ಆ ಅಡವಿಯು ಈಗ ಹುಲಿಗಳ ಸಂರಕ್ಷಿತ ತಾಣವಾಗಿರುವುದರಿಂದ, ನೀರಿನ ಸೀಸೆಗಳನ್ನೂ ಪ್ಲಾಸ್ಟಿಕ್ಕಿನ ಚೀಲಗಳನ್ನೂ ಅಲ್ಲಿ ಬಿಸುಡದಿರುವುದೂ ಈ ದಾಸೋಹದ ಅಂಗವೆಂದೇ ತಿಳಿಯತಕ್ಕದ್ದು.

ಈ ಮಾತುಗಳು ಬೆಂಗಳೂರಿನ ಹೊರವಲಯದ ಭಕ್ತರಿಗೂ ಸಲ್ಲುವುವು. ೧೯೭೦ರ ದಶಕದಿಂದ ಬೆಳೆದ ಪೀಣ್ಯದ ಕಾರ್ಖಾನೆಗಳಲ್ಲಿ ಉತ್ತರದ ಜಿಲ್ಲೆಗಳಿಂದ ಬಂದ ಕಾಯಕಜೀವಿಗಳು ಅನೇಕರಿರುವರು. ರಜೆ ದೊರೆತವರು ಊರಿಗೆ ಹೋಗಿ ಕಂಬಿಯ ಸಾಲನ್ನು ಕೂಡಿಕೊಳ್ಳಬಹುದು. ರಜೆ ದೊರೆಯದವರಿಗೂ ಸೇವೆಯ ಅವಕಾಶವು ಮನೆಯ ಬಾಗಿಲಲ್ಲಿಯೇ ಇದೆ. ಶಿವರಾತ್ರಿಯ ಮುನ್ನ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು ೩೦೦ ಕಿಲೋಮೀಟರು ನಡೆಯುವವರು ನೆಲಮಂಗಲ, ಕುಣಿಗಲುಗಳ ಹೆದ್ದಾರಿಯಲ್ಲಿಯೇ ಸಾಗುವರು. ಅದೇ ಹಾದಿಯಲ್ಲಿ ಎಡೆಯೂರಿದೆ. ಏಳುನೂರೊಂದು ಮಂದಿ ವಿರಕ್ತರೊಡನೆ ನಾಡನ್ನು ಸಂಚರಿಸಿದ ತೋಂಟದ ಸಿದ್ಧಲಿಂಗಯತಿಗಳ ಗದ್ದುಗೆಯಿರುವ ಆ ಪುಣ್ಯಸ್ಥಳದ ದಾರಿಯಲ್ಲಿ ನಡೆಯುವವನು ಒಂಟಿಯಾಗಿ ಬಳಲಬಾರದು. ಹಿಂದೆ ಭಯವು ಕಾಡುಮೃಗದ್ದು. ಈ ಹೆದ್ದಾರಿಯಲ್ಲಿ ಅದು ಇರುಳಿನ ಲಾರಿಗಳದ್ದು. ಎದುರುಬರುವ ವಾಹನವು ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯುವುದು, ಬೆಳಕಿಗೆ ಹೊಳೆಯುವ ಪಟ್ಟಿಯನ್ನು ಧರಿಸುವುದು, ಸಾಲಿನ ಕಡೆಯಲ್ಲಿ ದೀಪ ಹಿಡಿದ ಒಬ್ಬನನ್ನು ನಿಲ್ಲಿಸುವುದು, ಇವೆಲ್ಲವನ್ನೂ ಯಾತ್ರಾಧರ್ಮವೆಂದೇ ಎಣಿಸಬೇಕು. ಒಂದು ಕೊಡ ನೀರು, ಒಂದು ಬುಟ್ಟಿ ಹಣ್ಣು, ಗಾಯಕ್ಕೆ ಹಚ್ಚುವ ಔಷಧ, ರಾತ್ರಿ ಒರಗಲು ಒಂದು ಚಾಪೆ, ಇಷ್ಟನ್ನು ಒದಗಿಸಲು ದೊಡ್ಡ ಸಿರಿಯು ಬೇಕಾಗಿಲ್ಲ.

ಶ್ರೀಮಠವು ತನ್ನ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭಸಂದರ್ಭದಲ್ಲಿ, ಅಳುವ ಕೂಸನ್ನು ದಾರಿಯಲ್ಲಿ ಬಿಡದೆ ಕರೆದೊಯ್ದ ಆ ಹೆಸರಿಲ್ಲದ ಯಾತ್ರಿಕರನ್ನು ಭಕ್ತರು ನೆನೆಯುವರಾಗಲಿ. ಅವರ ನಡೆಯು ನಮ್ಮ ನಡೆಯಾಗುವಂತೆ ಶ್ರೀ ಮಲ್ಲಿಕಾರ್ಜುನನು ಅನುಗ್ರಹಿಸಲಿ.