ಕೊಲ್ಹಾಪುರದ ಮಾನಹಾನಿ ಮೊಕದ್ದಮೆ ಮತ್ತು ಕೃತ್ರಿಮ ಪತ್ರಗಳು

'ಮಾನ' ಎಂಬ ಶಬ್ದಕ್ಕೆ ಗೌರವವೆಂಬ ಅರ್ಥವಿರುವಂತೆ ಅಳತೆಯೆಂಬ ಅರ್ಥವೂ ಉಂಟು. ಮಾನಹಾನಿಯ ದೂರು ನ್ಯಾಯಾಲಯವನ್ನೇರಿದಾಗ ಈ ಎರಡೂ ಅರ್ಥಗಳು ಒಂದೆಡೆ ಸೇರುತ್ತವೆ. ಒಬ್ಬನ ಗೌರವಕ್ಕೆ ತಗುಲಿದ ಮಾತನ್ನು ಆಗ ಸಾಕ್ಷ್ಯದ ಕೋಲಿನಿಂದ ಅಳೆಯಲಾಗುತ್ತದೆ. 1882ರ ಕೊಲ್ಹಾಪುರ ಪ್ರಕರಣ ಇದಕ್ಕೊಂದು ನಿದರ್ಶನ.

ಬೆಳಗಾವಿ ಸೀಮೆಗೆ ನೆರೆಯದಾದ ಕೊಲ್ಹಾಪುರ ಸಂಸ್ಥಾನದಲ್ಲಿ ಆಗ ನಾಲ್ಕನೆಯ ಶಿವಾಜಿ ಎಂಬ ತರುಣನು ದೊರೆಯಾಗಿದ್ದನು. ಆತನಿಗೆ ಬುದ್ಧಿಭ್ರಮಣೆಯಾಗಿದೆಯೆಂಬುದು ಅಧಿಕಾರಿಗಳ ಹೇಳಿಕೆ. ಮಾಧವರಾವ್ ಬರ್ವೆಯವರು ದಿವಾನರಾಗಿದ್ದರು. 1881ರಲ್ಲಿ ಪುಣೆಯಲ್ಲಿ ಆರಂಭವಾದ 'ಕೇಸರಿ' ಹಾಗೂ 'ಮರಾಠಾ' ಪತ್ರಿಕೆಗಳು, ದೊರೆಯನ್ನು ಕ್ರೂರವಾಗಿ ನಡೆಸಿಕೊಳ್ಳಲಾಗುತ್ತಿದೆಯೆಂದೂ ಅದರಲ್ಲಿ ದಿವಾನರ ಕೈವಾಡವಿದೆಯೆಂದೂ ಬರೆದವು. ಅದಕ್ಕೆ ಆಧಾರವಾದುದು ದಿವಾನರೇ ಬರೆದರೆನ್ನಲಾದ ಕೆಲವು ಪತ್ರಗಳು. ಬರ್ವೆಯವರು ಸಂಪಾದಕರಾದ ಗೋಪಾಳ ಗಣೇಶ ಅಗರಕರ ಮತ್ತು ಬಾಲಗಂಗಾಧರ ತಿಲಕರ ಮೇಲೆ ಮಾನಹಾನಿಯ ಮೊಕದ್ದಮೆ ಹೂಡಿದರು.

ನಿಜ ಸಂಗತಿಯನ್ನು ಸಾರ್ವಜನಿಕ ಹಿತಕ್ಕಾಗಿ ಹೇಳಿದರೆ ಅದು ಮಾನಹಾನಿಯಲ್ಲವೆಂದು 1860ರ ದಂಡಸಂಹಿತೆಯ 499ನೆಯ ಕಲಮು ಒಪ್ಪುತ್ತಿತ್ತು. ಆದರೆ ನಿಜವೆಂದು ತೋರಿಸುವ ಹೊಣೆ ಹೇಳಿದವನದು. ಇಲ್ಲಿ ಪತ್ರಗಳು ಕೃತ್ರಿಮವೆಂದು ತಿಳಿದುಬಂದಿತು. ಸಂಪಾದಕರು ಕ್ಷಮೆ ಕೋರಿದರೂ ನಾಲ್ಕು ತಿಂಗಳ ಸಾದಾ ಸಜೆ ತಪ್ಪಲಿಲ್ಲ. ಮುಂಬಯಿಯ ಡೋಂಗ್ರಿ ಸೆರೆಮನೆಯಲ್ಲಿ ಅವರು 101 ದಿನ ಕಳೆದರು. ಅಗರಕರರು ಆ ದಿನಗಳನ್ನು ಕುರಿತು ಪುಸ್ತಕವನ್ನೇ ಬರೆದರು.

ಮರುವರ್ಷ, 1883ರ ಡಿಸೆಂಬರಿನಲ್ಲಿ, ಅಹಮದ್‌ನಗರದಲ್ಲಿದ್ದ ಆ ದೊರೆ ತನ್ನ ಕಾವಲಿಗಿದ್ದ ಆಂಗ್ಲ ಸೈನಿಕನೊಡನೆ ನಡೆದ ಸೆಣಸಾಟದಲ್ಲಿ ಗಾಯಗೊಂಡು ಮೃತನಾದನು.

ಈ ಸಾವು ದಿವಾನರ ಮೇಲಿನ ಆರೋಪವನ್ನು ಸಿದ್ಧಪಡಿಸುವುದಿಲ್ಲ. ಸುಳ್ಳು ಪತ್ರಗಳಿಂದ ಕಳಂಕಿತರಾದವರು ನ್ಯಾಯ ಬೇಡಿದ್ದು, ಅದನ್ನು ಪಡೆದದ್ದು ಯುಕ್ತವೇ. ಆದರೆ ದೊರೆಯ ಸ್ಥಿತಿಯ ಬಗೆಗಿನ ಕಳವಳ ಪೊಳ್ಳಾಗಿರಲಿಲ್ಲ ಎಂಬುದನ್ನು ಅದು ತಿಳಿಸುತ್ತದೆ. ನ್ಯಾಯಾಲಯದ ಮುಂದಿದ್ದುದು ದಿವಾನರ ಮಾನದ ಪ್ರಶ್ನೆ. ದೊರೆಯ ಪ್ರಾಣದ ಪ್ರಶ್ನೆ ಅಲ್ಲಿ ಯಾರ ದಾವೆಯೂ ಆಗಿರಲಿಲ್ಲ.

ಗಂಗರ ಹಲವು ತಾಮ್ರಪಟಗಳನ್ನು ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದರು; ಅದರಿಂದ ಗಂಗರು ಆಳಿದ್ದು ಸುಳ್ಳಾಗಲಿಲ್ಲ. ಶಾಸನದ ವಿಷಯದಲ್ಲಿ ವಿದ್ವಾಂಸರು ನೂರು ವರ್ಷ ಚರ್ಚಿಸಿ ಕೂಟವನ್ನೂ ಸತ್ಯವನ್ನೂ ಬೇರ್ಪಡಿಸಬಹುದು. ಬದುಕಿರುವ ಮನುಷ್ಯನ ವಿಷಯದಲ್ಲಿ ಆ ಅವಕಾಶವಿಲ್ಲ. ಪರೀಕ್ಷಿಸದ ಆಧಾರವು ನಿರಪರಾಧಿಯ ಮಾನವನ್ನು ಕಳೆಯುವುದಲ್ಲದೆ, ಯಾರ ಪರವಾಗಿ ಲೇಖನಿ ಎತ್ತಲಾಯಿತೋ ಆ ನೊಂದವನ ಮೊರೆಯನ್ನೂ ಅಡಗಿಸುತ್ತದೆ.